ಕಪ್ಪಂಗಿ ಮತ್ತು ಕೂಲಿಪಟ್ಟಿ

1919ರ ಮಾರ್ಚ್ 23ರಂದು ಇಟಲಿಯ ಮಿಲಾನಿನಲ್ಲಿ ಮುಸೊಲಿನಿ ಫ್ಯಾಸಿಸ್ಟ್ ಸಂಘಟನೆ ಶುರುಮಾಡಿದ. ಜೂನ್‌ನಲ್ಲಿ ಬಂದ ಪ್ರಣಾಳಿಕೆ ಓದಿದರೆ ಎಡಪಂಥದವರದ್ದೇನೋ ಅನ್ನಿಸುತ್ತದೆ. ದಿನಕ್ಕೆ 8 ಗಂಟೆ ಕೆಲಸ, ಹೆಂಗಸರಿಗೆ ಮತ, ಮೊದಲ ಮಹಾಯುದ್ಧದಲ್ಲಿ ಮಾಡಿದ ಲಾಭದಲ್ಲಿ ಶೇ 85 ಸರ್ಕಾರಕ್ಕೆ! ಕಾರ್ಮಿಕರು ಮರುಳಾಗಲಿಲ್ಲ. ನವೆಂಬರ್ ಚುನಾವಣೆಯಲ್ಲಿ ಮಿಲಾನಿನಲ್ಲಿ ಫ್ಯಾಸಿಸ್ಟರಿಗೆ 5,000 ಮತವೂ ಬೀಳಲಿಲ್ಲ.

ಅವರ ಅದೃಷ್ಟ ಖುಲಾಯಿಸಿದ್ದು ಉತ್ತರ ಇಟಲಿಯ ಪೋ ನದಿಯ ಬಯಲಿನ ಹಳ್ಳಿಗಳಲ್ಲಿ. ಅಲ್ಲಿ ಸಮಾಜವಾದಿ ಕೂಲಿ ಸಂಘಗಳದ್ದೇ ಜೋರು. ಯಾರನ್ನು ಕೆಲಸಕ್ಕೆ ಕರೆಯಬೇಕು ಅನ್ನುವ ಪಟ್ಟಿ ಸಂಘದ ಕೈಯಲ್ಲಿತ್ತು. ಚಳಿಗಾಲದಲ್ಲಿ ಕೆಲಸ ಇಲ್ಲದಿದ್ದರೂ ಜಮೀನಿಗೆ ತಕ್ಕಷ್ಟು ಆಳುಗಳನ್ನು ಇಟ್ಟುಕೊಳ್ಳಲೇಬೇಕಿತ್ತು. ಕೂಲಿ ಜಾಸ್ತಿಯಾದದ್ದಕ್ಕಿಂತ, ತನ್ನ ಹೊಲದಲ್ಲಿ ತನ್ನ ಮಾತೇ ನಡೆಯದು ಅನ್ನುವುದು ಜಮೀನ್ದಾರನ ಹೊಟ್ಟೆಯುರಿ.

1920ರ ಕೊನೆಯಿಂದ ಕಪ್ಪಂಗಿಯವರಿಗೆ, ಅಂದರೆ ಕಪ್ಪು ಅಂಗಿ ತೊಟ್ಟ ಫ್ಯಾಸಿಸ್ಟ್ ದಂಡಿನವರಿಗೆ, ಜಮೀನ್ದಾರರ ದುಡ್ಡು ಹರಿಯಿತು. ರಾತ್ರಿ ಲಾರಿಗಳಲ್ಲಿ ಬಂದಿಳಿಯುತ್ತಿದ್ದರು. ಸಂಘದ ಕಚೇರಿಗೆ ಬೆಂಕಿ, ಮುಖಂಡನ ಬಾಯಿಗೆ ಹರಳೆಣ್ಣೆ. ನಮ್ಮಲ್ಲಿ ಮಕ್ಕಳಿಗೆ ಮೂಗು ಹಿಡಿದು ಚಮಚದಷ್ಟು ಕುಡಿಸುತ್ತಿದ್ದರಲ್ವಾ, ಅದೇ ಎಣ್ಣೆ. ಇವರು ಬಾಟಲಿಗಟ್ಟಲೆ ಸುರಿಯುತ್ತಿದ್ದರು. ಊರೆದುರು ಮಾನ ಕಳೆಯಬೇಕು, ಅಷ್ಟೇ.

ಇಷ್ಟಾದರೂ 1921ರ ನವೆಂಬರಿನಲ್ಲಿ ಫ್ಯಾಸಿಸ್ಟ್ ಪಕ್ಷ ಕೊಟ್ಟ ಲೆಕ್ಕ ನೋಡಿ. ಸುಮಾರು 1.5 ಲಕ್ಷ ಸದಸ್ಯರಲ್ಲಿ 36 ಸಾವಿರಕ್ಕೂ ಹೆಚ್ಚು ಜನ ಕೃಷಿ ಕೂಲಿಗಳು! ಜಮೀನು ಇದ್ದವರು 18 ಸಾವಿರ. ಕೂಲಿಗಳು ಯಾಕೆ ಸೇರಿದರು? ಸಮಾಜವಾದಿಗಳು ಭೂಮಿ ಎಲ್ಲರದ್ದಾಗಬೇಕು ಅಂದರೆ, ಇವರು ಉಳುವವನಿಗೇ ಭೂಮಿ ಅಂದರು. ತನ್ನದೇ ತುಂಡು ನೆಲದ ಆಸೆ ಇದ್ದವನಿಗೆ ಅದು ಹಿಡಿಸಿತು. ಮಿಕ್ಕವರಿಗೆ ಬೇರೆ ದಾರಿ ಇರಲಿಲ್ಲ. ಪಟ್ಟಿ ಈಗ ಫ್ಯಾಸಿಸ್ಟ್ ಸಂಘದ ಕೈ ಸೇರಿತ್ತು. ಹೆಸರು ಬರೆಸದಿದ್ದರೆ ಕೆಲಸವಿಲ್ಲ. ಇದನ್ನು ಸುಮ್ನೆ ಜನಬೆಂಬಲ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಪೇಟೆಯ ಕಥೆ ಬೇರೆ. 1920ರ ಸೆಪ್ಟೆಂಬರಿನಲ್ಲಿ ಕಾರ್ಮಿಕರು ಕಾರ್ಖಾನೆಗಳನ್ನೇ ವಶ ಮಾಡಿಕೊಂಡಾಗ ಮಾಲೀಕರು, ಅಂಗಡಿಯವರು ಬೆದರಿದ್ದರು. ಗುಮಾಸ್ತರ ಸಂಬಳವನ್ನು ಬೆಲೆಯೇರಿಕೆ ನುಂಗಿತ್ತು. ಯುದ್ಧಕ್ಕೆ ಹೋಗುವ ವಯಸ್ಸಾಗಿರದ ಹುಡುಗರಿಗೆ ಇಲ್ಲೊಂದು ಯುದ್ಧ ಸಿಕ್ಕಿತು. ಆ ಲೆಕ್ಕದಲ್ಲಿ ವಿದ್ಯಾರ್ಥಿಗಳೇ ಸುಮಾರು 20 ಸಾವಿರ.

1922ರ ಅಕ್ಟೋಬರಿನಲ್ಲಿ ಮುಸೊಲಿನಿಗೆ ಅಧಿಕಾರ ಸಿಕ್ಕಿತು. ಯುದ್ಧದ ಲಾಭದ ಶೇ 85ರ ಮಾತು ಯಾರೂ ಎತ್ತಲಿಲ್ಲ. 1923ರಲ್ಲಿ ಕುಟುಂಬದೊಳಗಿನ ಆಸ್ತಿಯ ಮೇಲಿದ್ದ ವಾರಸುದಾರಿಕೆ ತೆರಿಗೆ ಹೋಯಿತು. 1926ರಲ್ಲಿ ಮುಷ್ಕರವೇ ಅಪರಾಧವಾಯಿತು. ಮರುವರ್ಷ ಕೂಲಿ ಇಳಿಸಿದಾಗ ಒಪ್ಪಿಗೆ ಕೊಟ್ಟದ್ದು, ಪಟ್ಟಿ ಹಿಡಿದು ಕೂತಿದ್ದ ಅದೇ ಸಂಘಗಳು.