‘ಹಳೆಯ ಫೈಲೇ ಇರಲಿ’ ಅಂದ ಮೇಲೆ ಉಳಿಯುವ ಕೆಲಸ

ಡೆಬಿಯನ್ ಲಿನಕ್ಸ್‌ನ ಸದಾ ಬದಲಾಗುವ ‘ಅನ್‌ಸ್ಟೇಬಲ್’ ಆವೃತ್ತಿ ಬಳಸುವವರಿಗೆ ಈ ಪ್ರಶ್ನೆ ಹೊಸದಲ್ಲ. ಅಪ್‌ಗ್ರೇಡ್ ಅರ್ಧಕ್ಕೆ ನಿಂತು ಕೇಳುತ್ತದೆ: ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲನ್ನು ನೀವೂ ತಿದ್ದಿದ್ದೀರಿ, ಆ ಸಾಫ್ಟ್‌ವೇರ್ ಪ್ಯಾಕೇಜಿನ ನಿರ್ವಾಹಕರೂ ಬದಲಿಸಿದ್ದಾರೆ, ಯಾವುದನ್ನು ಇಡಲಿ? ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ‘ಡಿ’ ಒತ್ತಿದರೆ ವ್ಯತ್ಯಾಸ ತೋರಿಸುತ್ತದೆ. ನಾನು ವ್ಯತ್ಯಾಸ ನೋಡಿ, ಸಾಮಾನ್ಯವಾಗಿ ಹಳೆಯದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಅದು ಸಾಲದ ಕಂತನ್ನು ಮುಂದೂಡಿದ ಹಾಗೆ. ಹೊಸ ಫೈಲನ್ನು ಅದೇ ದಿನ ಬೆರೆಸದಿದ್ದರೆ ಮುಂದಿನ ಅಪ್‌ಗ್ರೇಡ್‌ಗಳಲ್ಲಿ ವ್ಯತ್ಯಾಸ ಬೆಳೆಯುತ್ತಲೇ ಹೋಗುತ್ತದೆ.

ಆರ್ಚ್ ಲಿನಕ್ಸ್‌ನಲ್ಲಿ ಪ್ಯಾಕೇಜ್ ಹಾಕುವ ಪ್ಯಾಕ್‌ಮ್ಯಾನ್ ಪ್ರಶ್ನೆಯನ್ನೇ ಕೇಳುವುದಿಲ್ಲ. ಹಿಂದಿನ ಪ್ಯಾಕೇಜಿನ ಮೂಲ ಫೈಲ್, ಈಗ ಡಿಸ್ಕ್‌ನಲ್ಲಿರುವುದು, ಹೊಸದಾಗಿ ಬಂದದ್ದು ಈ ಮೂರರ ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ ಗುರುತು) ಹೋಲಿಸುತ್ತದೆ. ನೀವು ಮುಟ್ಟಿಲ್ಲದಿದ್ದರೆ ಹೊಸದು ಕೂರುತ್ತದೆ. ನೀವು ಮಾತ್ರ ತಿದ್ದಿದ್ದರೆ ನಿಮ್ಮದು ಉಳಿಯುತ್ತದೆ. ಎರಡೂ ಕಡೆ ಬದಲಾಗಿ, ಒಂದಕ್ಕೊಂದು ಹೊಂದದಿದ್ದರೆ ಹೊಸದನ್ನು ‘ಪ್ಯಾಕ್‌ನ್ಯೂ’ ಎಂಬ ಬಾಲ ಅಂಟಿಸಿ ಪಕ್ಕದಲ್ಲಿಡುತ್ತದೆ. ಅದರ ಒಂದು ಸಾಲಿನ ಎಚ್ಚರಿಕೆ ಉದ್ದನೆಯ ಔಟ್‌ಪುಟ್ ನಡುವೆ ಕಣ್ತಪ್ಪುವುದೇ ಹೆಚ್ಚು. ಹಾಗಾಗಿ ಅಪ್‌ಗ್ರೇಡ್ ಮುಗಿದ ಕೂಡಲೇ ಇಂಥ ಫೈಲ್‌ಗಳನ್ನು ಹುಡುಕಿ ವ್ಯತ್ಯಾಸ ತೋರಿಸುವ ಪ್ಯಾಕ್‌ಡಿಫ್ ಓಡಿಸಿ. ಫೆಡೋರಾ ಲಿನಕ್ಸ್‌ನಲ್ಲಿ ‘ಆರ್‌ಪಿಎಂನ್ಯೂ’ ಬಾಲ ಕೂಡ ಇದೇ ಬಗೆಯದು. ‘ಆರ್‌ಪಿಎಂಸೇವ್’ ಕಂಡರೆ ಮಾತ್ರ ತಡಮಾಡಬೇಡಿ: ನಿಮ್ಮ ಫೈಲ್ ಬದಿಗೆ ಸರಿದಿದೆ.

ಕಣ್ಣುಮುಚ್ಚಿ ಹೊಸದನ್ನು ಹಳೆಯದರ ಮೇಲೆ ಎಳೆಯುವುದು ಇನ್ನೂ ಅಪಾಯ. ಬಳಕೆದಾರರ ಪಟ್ಟಿ ಇರುವ ಪಾಸ್‌ವರ್ಡ್ ಫೈಲಿಗೆ ಬಂದ ಪ್ಯಾಕ್‌ನ್ಯೂದಲ್ಲಿ ನಿಮ್ಮ ಬಳಕೆದಾರರ ಹೆಸರೇ ಇರುವುದಿಲ್ಲ. ಪಾಸ್‌ವರ್ಡ್‌ಗಳ ಹ್ಯಾಶ್ ಇರುವ ಶ್ಯಾಡೋ ಫೈಲಿನದೂ ಅದೇ ಕತೆ. ಅವನ್ನು ಕೂರಿಸಿದರೆ ನಿಮ್ಮ ಖಾತೆಯಿಂದ ಲಾಗಿನ್ ಆಗಲಾಗುವುದಿಲ್ಲ. ಪ್ಯಾಕೇಜ್ ಇಳಿಸಿಕೊಳ್ಳುವ ಸರ್ವರ್‌ಗಳಿರುವ ಮಿರರ್ ಪಟ್ಟಿಯ ಹೊಸ ಪ್ರತಿಯಲ್ಲಿ ಎಲ್ಲ ಸರ್ವರ್‌ಗಳೂ ಕಾಮೆಂಟ್ ಆಗಿ, ಅಂದರೆ ನಿಷ್ಕ್ರಿಯವಾಗಿರುತ್ತವೆ.

ಹಳೆಯದನ್ನೇ ಇಟ್ಟುಕೊಂಡರೆ ಕೆಲಸವೇ ನಿಲ್ಲುವುದೂ ಉಂಟು. ಮೇಲ್ ಸರ್ವರ್ ಡವ್‌ಕಾಟ್‌ನ 2.4 ಆವೃತ್ತಿ 2025ರ ಜನವರಿಯಲ್ಲಿ ಬಂತು. 2.3ರ ಕಾನ್ಫಿಗ್ ಅದಕ್ಕೆ ಒಗ್ಗುವುದಿಲ್ಲ. ಫೈಲಿನ ಮೊದಲ ಸೆಟ್ಟಿಂಗ್ ಆಗಿ ಕಾನ್ಫಿಗ್ ಆವೃತ್ತಿಯನ್ನೇ ಬರೆಯಬೇಕು. ಇಂಥ ಕಡೆ ಸಾಲು ಸಾಲು ಬೆರೆಸುತ್ತ ಕೂರುವುದು ವ್ಯರ್ಥ. ಹೊಸ ಫೈಲಿನಿಂದ ಶುರುಮಾಡಿ, ನಿಮಗೆ ಬೇಕಾದ್ದನ್ನು ಮತ್ತೆ ಬರೆಯಿರಿ.

ಮೂಲ ಫೈಲನ್ನು ಮುಟ್ಟದಿದ್ದರೆ ಈ ಜಗಳವೇ ಇಲ್ಲ. ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ, ನಿಮ್ಮ ಬದಲಾವಣೆಗಳನ್ನಷ್ಟೇ ಬೇರೆಯಾಗಿ ಬರೆಯುವ ಡ್ರಾಪ್-ಇನ್ ಫೈಲ್ ಇದೆ. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ (ಎಸ್‌ಎಸ್‌ಎಚ್‌ಡಿ) ಕಾನ್ಫಿಗ್‌ಗೆ 2020ರ 8.2 ಆವೃತ್ತಿಯಿಂದ, ಬೇರೆ ಫೈಲ್‌ಗಳನ್ನು ಒಳಸೇರಿಸುವ ‘ಇನ್‌ಕ್ಲೂಡ್’ ಸೌಲಭ್ಯ ಬಂದಿದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಸಿಸ್ಟಮ್‌ಡಿಯಲ್ಲಿ ಸಾಮಾನ್ಯವಾಗಿ ಕೊನೆಗೆ ಓದಿದ ಮೌಲ್ಯ ಗೆಲ್ಲುತ್ತದೆ, ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಮೌಲ್ಯ. ಆದ್ದರಿಂದ ಇನ್‌ಕ್ಲೂಡ್ ಸಾಲು ಫೈಲಿನ ತಲೆಯಲ್ಲೇ ಇರಬೇಕು. ಕೆಳಗಿಟ್ಟರೆ ಅದಕ್ಕೂ ಮುಂಚೆ ಬಂದ ಸೆಟ್ಟಿಂಗ್‌ಗಳೇ ಜಾರಿಯಲ್ಲಿರುತ್ತವೆ, ದೋಷ ಸಂದೇಶವೂ ಬರುವುದಿಲ್ಲ. ರೀಸ್ಟಾರ್ಟ್‌ಗೆ ಮುಂಚೆ ಎಸ್‌ಎಸ್‌ಎಚ್‌ಡಿಗೆ ‘-ಟಿ’ ಕೊಟ್ಟು ಪರೀಕ್ಷಿಸಿ. ರೀಸ್ಟಾರ್ಟ್ ಆದ ಮೇಲೆ ಇನ್ನೊಂದು ಟರ್ಮಿನಲ್‌ನಿಂದ ಒಳಗೆ ಬರಲಾಗುತ್ತದೆಯೇ ನೋಡಿ; ಅಲ್ಲಿಯವರೆಗೆ ಈಗಿನ ಸೆಷನ್ ಮುಚ್ಚಬೇಡಿ.

ಕಾನ್ಫಿಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರನ್ನು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಡಲು ಇಟಿಸಿಕೀಪರ್ ಹಾಕಿಕೊಳ್ಳಿ. ಅಪ್‌ಗ್ರೇಡ್‌ಗೆ ಮುಂಚೆ, ಆಮೇಲೆ ಏನೇನು ಬದಲಾಯಿತೆಂಬುದು ದಾಖಲಾಗುತ್ತದೆ. (ಅದರಲ್ಲಿ ಶ್ಯಾಡೋ ಫೈಲೂ ಸೇರಿರುತ್ತದೆ, ಆ ರೆಪೊವನ್ನು (ಗಿಟ್ ಸಂಗ್ರಹವನ್ನು) ಹೊರಗಿನ ಸರ್ವರ್‌ಗೆ ಪುಶ್ ಮಾಡಬೇಡಿ.)

ಹತ್ತಾರು ಯಂತ್ರ ನೋಡಿಕೊಳ್ಳುವವರು ಡೆಬಿಯನ್‌ನಲ್ಲಿ ಪ್ಯಾಕೇಜ್ ಕೂರಿಸುವ ಡಿಪಿಕೆಜಿಗೆ, ಹಳೆಯ ಫೈಲನ್ನೇ ಇಡಲು ಹೇಳುವ ‘ಫೋರ್ಸ್-ಕಾನ್ಫೋಲ್ಡ್’ ಕೊಟ್ಟು ಪ್ರಶ್ನೆಯನ್ನೇ ಅಡಗಿಸುತ್ತಾರೆ. ಅಡ್ಡಿಯಿಲ್ಲ. ಆದರೆ ಹಾಗೆ ಪಕ್ಕಕ್ಕುಳಿದ ಹೊಸ, ‘ಡಿಪಿಕೆಜಿ-ಡಿಸ್ಟ್’ ಬಾಲದ ಫೈಲ್‌ಗಳನ್ನು ಹುಡುಕಿ ವರದಿ ಕಳಿಸುವ ಸ್ಕ್ರಿಪ್ಟ್ ಜೊತೆಗಿರಲಿ. ಕೆಲವು ಪ್ಯಾಕೇಜ್‌ಗಳು ‘ಯುಸಿಎಫ್-ಡಿಸ್ಟ್’ ಎಂಬ ಬಾಲ ಬಿಡುತ್ತವೆ, ಹುಡುಕಾಟಕ್ಕೆ ಅದನ್ನೂ ಸೇರಿಸಿ.