ಪುಕ್ಕವನ್ನು ಇಪ್ಪತ್ತು ಮೀಟರ್ ಎಸೆಯುವ ಲೆಕ್ಕ

ಒಂದು ಕೋಳಿ ಪುಕ್ಕ ತಗೊಂಡು ಮೈಯ ಶಕ್ತಿಯೆಲ್ಲ ಹಾಕಿ ಎಸೆದು ನೋಡಿ. ಕಾಲ ಬುಡದಲ್ಲೇ ಬೀಳುತ್ತದೆ, ಅಲ್ವಾ? ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದ ಹವಳ ದಿಬ್ಬಗಳಲ್ಲಿ ಗಾಳ ಹಾಕುವವರು ಅಂಥದ್ದೇ ಪುಕ್ಕವನ್ನು ಇಪ್ಪತ್ತು ಮೀಟರ್ ಆಚೆ ಬೀಳಿಸುತ್ತಾರೆ.

ಇದು ಫ್ಲೈ ಫಿಶಿಂಗ್. ಫ್ಲೈ ಅಂದರೆ ನೊಣ. ಈ 'ನೊಣ' ಮಾತ್ರ ಅಂಗೈ ಉದ್ದದ್ದು. ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ ಹುಸಿ ಮೀನು. ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ, ಭಾರವೆಲ್ಲ ದಾರದಲ್ಲೇ. ದೊಡ್ಡ ಮೀನಿಗೆ ಬಳಸುವ 12ನೇ ನಂಬರಿನ ದಾರದ ಮೊದಲ 9 ಮೀಟರ್ ಸುಮಾರು 25 ಗ್ರಾಂ ತೂಗುತ್ತದೆ.

ಕೋಲನ್ನು ಹಿಂದಕ್ಕೆ ಬೀಸಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಹೊಸಬರು ಎಡವುವುದು ಇಲ್ಲೇ. ಆಮೇಲೆ ಮುಂದಕ್ಕೆ ಬೀಸಿ ಟಕ್ಕನೆ ನಿಲ್ಲಿಸಿದರೆ ದಾರ ಮಡಚಿಕೊಂಡು ಉರುಳುತ್ತಾ ಹೋಗುತ್ತದೆ. ಮಡಿಕೆಯ ಕೆಳಗಿನ ಎಳೆ ಹೆಚ್ಚುಕಡಿಮೆ ನಿಂತಿರುತ್ತದೆ, ಮೇಲಿನದು ಓಡುತ್ತದೆ. ಓಡುವ ಎಳೆ ಗಿಡ್ಡವಾದಷ್ಟೂ ಉಳಿದ ಶಕ್ತಿ ಕಡಿಮೆ ತೂಕಕ್ಕೆ ಸಿಗುತ್ತದೆ. ಗಾಳಿ ಒಂದಿಷ್ಟು ಕಸಿದರೂ ವೇಗ ಉಳಿಯುತ್ತದೆ. ಚಾಟಿಯ ತುದಿ ಚಟೀರ್ ಅನ್ನುವುದೂ ಇದೇ ಲೆಕ್ಕದಿಂದ.

ಇಷ್ಟೆಲ್ಲ ಜೈಂಟ್ ಟ್ರೆವಲಿ ಎಂಬ ಮೀನಿಗಾಗಿ. ಗಾಳದವರ ಬಾಯಲ್ಲಿ ಸುಮ್ನೆ 'ಜಿಟಿ'. 80 ಕಿಲೋವರೆಗೂ ಬೆಳೆಯುತ್ತದೆ. ಫಾರ್ಕ್ವಾರ್ ಹವಳದ್ವೀಪದಲ್ಲಿ ಇದು ನೀರಿಂದ ಚಿಮ್ಮಿ, ಹಾರುವ ಟರ್ನ್ ಹಕ್ಕಿಯನ್ನೇ ಬಾಯಿಗೆ ಹಾಕಿಕೊಳ್ಳುವುದನ್ನು ಬಿಬಿಸಿ 2017ರಲ್ಲಿ ತೋರಿಸಿತು.

ಉಬ್ಬರ ಏರುವಾಗ ಜಿಟಿ ಮೊಣಕಾಲುದ್ದದ ನೀರಿಗೂ ಬರುತ್ತದೆ, ಕೆಲವೊಮ್ಮೆ ತೊರಕೆ (ಸ್ಟಿಂಗ್‌ರೇ) ಎಂಬ ಚಪ್ಪಟೆ ಮೀನಿನ ಬೆನ್ನ ಮೇಲೇ ತೇಲುತ್ತಾ. ತೊರಕೆ ಮರಳು ಕೆದಕಿದಾಗ ಗಾಬರಿಯಾಗಿ ಓಡುವ ಏಡಿ, ಮೀನುಗಳು ಇದರ ಪಾಲು. ಅದಕ್ಕೇ ಗಾಳದವರ ಕಣ್ಣು ಮೊದಲು ತೊರಕೆಯನ್ನು ಹುಡುಕುತ್ತದೆ.

ಮೀನು ಕಚ್ಚಿದ ತಕ್ಷಣ ಕೋಲು ಎತ್ತಬೇಕು ಅನ್ನಿಸುತ್ತದೆ. ಎತ್ತಿದರೆ ಕೆಟ್ಟಿತು! ಕೋಲು ಸ್ಪ್ರಿಂಗ್ ಹಾಗೆ ಬಾಗಿ ಎಳೆತವನ್ನೆಲ್ಲ ನುಂಗುತ್ತದೆ, ಕೊಕ್ಕೆ ಗಟ್ಟಿ ದವಡೆಗೆ ಇಳಿಯುವುದೇ ಇಲ್ಲ. ಕೋಲನ್ನು ನೇರ ಮೀನಿನ ಕಡೆ ಹಿಡಿದು ಕೈಯಿಂದಲೇ ದಾರ ಜಗ್ಗಬೇಕು.

ಹಿಡಿದದ್ದನ್ನು ಇಲ್ಲಿ ಬಿಟ್ಟುಬಿಡುತ್ತಾರೆ. ಆದರೆ ತೆಳ್ಳನೆ ದಾರದಲ್ಲಿ ಗಂಟೆಗಟ್ಟಲೆ ಆಡಿಸಿ ಬೀಗುವವರ ಬಗ್ಗೆ ನನಗೆ ತಕರಾರಿದೆ. ಹೋರಾಟ ಉದ್ದವಾದಷ್ಟೂ ಮೀನಿನ ಸ್ನಾಯುಗಳು ಸೋಲುತ್ತವೆ, ಬಿಟ್ಟ ಮೇಲೆ ಶಾರ್ಕ್ ಬಾಯಿಗೆ ಸಿಕ್ಕುವುದು ಸುಲಭ. ದಪ್ಪ ದಾರ ಹಾಕಿ, ಬೇಗ ಎಳೆದು, ಮೀನನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಬೇಕು. ಸುಸ್ತಾಗಿದ್ದರೆ, ಅದು ತಾನಾಗಿ ಬಾಲ ಝಾಡಿಸಿ ಹೊರಡುವವರೆಗೂ ನೀರಲ್ಲಿ ಹಿಡಿದು ನಿಲ್ಲಬೇಕು.