ಓದುಗರ ಪ್ರಶ್ನೆ: ಮಗುವಿಗೆ ಯಾವ ಸ್ಟ್ರಾಲರ್ ತೆಗೆದುಕೊಳ್ಳಲಿ?

ಪ್ರಶ್ನೆ: ನಮಗೆ ಹೆಣ್ಣು ಮಗುವಾಗಿ ಎರಡು ತಿಂಗಳಾಯಿತು. ಹೆಂಡತಿ ಬಾಣಂತನಕ್ಕೆ ಶಿವಮೊಗ್ಗದ ತವರಿನಲ್ಲಿದ್ದಾಳೆ. ಐದನೇ ತಿಂಗಳಿಗೆ ಬೆಂಗಳೂರಿಗೆ ಬರುತ್ತಾಳೆ, ಜೊತೆಗೆ ನಮ್ಮ ಅತ್ತೆಯೂ ಬರುತ್ತಾರೆ. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಸಣ್ಣ ಸಿಎನ್‌ಜಿ ಕಾರು ಇದೆ. ಅಷ್ಟರೊಳಗೆ ಒಂದು ಸ್ಟ್ರಾಲರ್, ಅಂದರೆ ಮಗುವನ್ನು ಇಟ್ಟುಕೊಂಡು ತಳ್ಳುವ ಗಾಡಿ, ತಂದಿಡೋಣ ಅಂತಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ಮಗಳು ಬಂದ ಖುಷಿಗೆ ಮೊದಲು ಶುಭಾಶಯ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್, ಮಗುವಿಗೆ ಐದು ತಿಂಗಳು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯಲ್ಲಿರುವ ಎಷ್ಟೋ ಗಾಡಿಗಳನ್ನು ನೋಡುವುದೇ ಬೇಕಿಲ್ಲ.

ತಿಂಗಳ ಲೆಕ್ಕದಿಂದ ಶುರು ಮಾಡೋಣ. ಹುಟ್ಟಿದ ಮಗುವಿಗೆ ಕತ್ತು ನಿಲ್ಲುವುದಿಲ್ಲ. ಸುಮಾರು ನಾಲ್ಕನೇ ತಿಂಗಳಿಗೆ ಕತ್ತು ನಿಲ್ಲುತ್ತದೆ, ಆರರ ಆಸುಪಾಸಿನಲ್ಲಿ ಮಗು ಕೂರಲು ಕಲಿಯುತ್ತದೆ. ಅಲ್ಲಿಯವರೆಗೆ ಅದನ್ನು ಗಾಡಿಯಲ್ಲಿ ಅರೆ ಕೂತ ಹಾಗೆ ಇಟ್ಟರೆ ತಲೆ ಮುಂದಕ್ಕೆ ಬಿದ್ದು ಗದ್ದ ಎದೆಗೆ ಒತ್ತುತ್ತದೆ. ಉಸಿರಾಟಕ್ಕೆ ತೊಂದರೆಯಾಗುತ್ತದೆ. ಅದಕ್ಕೇ ಎಳೆ ಮಗುವಿನ ಗಾಡಿ ಪೂರ್ತಿ ಮಲಗುವಂತೆ ಇರಬೇಕು.

ಹೊರದೇಶಗಳಲ್ಲಿ ಹೆರಿಗೆಯಾದ ವಾರದಲ್ಲೇ ಅಮ್ಮ ಮಗುವನ್ನು ಕರೆದುಕೊಂಡು ಓಡಾಡುವುದು ಸಾಮಾನ್ಯ. ಹಾಗಾಗಿ ಅಲ್ಲಿ ತೊಟ್ಟಿಲಿನಂಥ ಬುಟ್ಟಿ ಇರುವ ಗಾಡಿ ಬೇಕಾಗುತ್ತದೆ. ನಮ್ಮಲ್ಲಿ ಆ ತಿಂಗಳುಗಳು ತವರಿನಲ್ಲೇ ಕಳೆಯುತ್ತವೆ. ಎಣ್ಣೆ ನೀರು, ತೊಟ್ಟಿಲು, ಅಜ್ಜಿಯ ತೊಡೆ. ನಿಮ್ಮ ಮಗಳಿಗೆ ಆ ಬುಟ್ಟಿ ಬೇಕಿಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಆದರೆ ಐದನೇ ತಿಂಗಳಿಗೆ ಅವಳು ಇನ್ನೂ ಕೂರುವುದಿಲ್ಲ. ಸೀಟು ಚೆನ್ನಾಗಿ ಹಿಂದಕ್ಕೆ ಬಾಗಿ, ಹೆಚ್ಚುಕಡಿಮೆ ಹಾಸಿಗೆಯಂತೆ ಆಗಲೇಬೇಕು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಈ ತಿಂಗಳ ಲೆಕ್ಕ ಬದಲಾಗುತ್ತದೆ. ಆಗ ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಇನ್ನೊಂದು ಮಾತು. ಈಗಲೇ ಕೊಳ್ಳಬೇಡಿ. ಅವರು ಊರಿಂದ ಬರಲಿ. ಮಗುವನ್ನು ಮಲಗಿಸಿ, ಬೆಲ್ಟ್ ಹಾಕಿ, ಅಂಗಡಿಯಲ್ಲೇ ನಾಲ್ಕು ಸುತ್ತು ತಳ್ಳಿ ನೋಡಿ.

ಈಗ ತೂಕ. ನಿಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಮಗುವನ್ನು ಕೆಳಗೆ ಒಂದು ಕ್ಷಣವೂ ಒಂಟಿಯಾಗಿ ಬಿಡುವಂತಿಲ್ಲ, ಅಲ್ವಾ? ಮನೆಯಲ್ಲಿ ಇನ್ನೊಬ್ಬರು ಇಲ್ಲದಾಗ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ ಹಿಡಿದು ಎರಡು ಮಹಡಿ ಹತ್ತಬೇಕು. 10 ಕಿಲೋ ಗಾಡಿಯಾದರೆ ಅದು ಆಗದ ಕೆಲಸ. ಬಾಣಂತನ ಮುಗಿಸಿ ಬಂದ ಹೆಂಗಸಿನ ಸೊಂಟದ ಬಗ್ಗೆಯೂ ಯೋಚಿಸಿ. 7 ಕಿಲೋ ದಾಟದ ಗಾಡಿ ಹುಡುಕಿ.

ಕೊಡೆಯಂತೆ ಮಡಚುವ ಹಗುರ ಗಾಡಿ ಇದೆಯಲ್ಲ, ಅದನ್ನು 1965ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಓವನ್ ಮ್ಯಾಕ್ಲಾರೆನ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರದ ಜೋಡಣೆಯಲ್ಲಿ ಕೆಲಸ ಮಾಡಿದ ಎಂಜಿನಿಯರ್ ಅವರು. ಮೊಮ್ಮಗುವಿನ ಗಾಡಿಯ ಭಾರ ಕಂಡು, ಅಲ್ಯೂಮಿನಿಯಂ ಕೊಳವೆಗಳಿಂದ 3 ಕಿಲೋಗಿಂತ ಕಡಿಮೆ ತೂಕದ ಗಾಡಿ ಮಾಡಿದರು. ನನಗೆ ಈ ಕತೆ ಬಹಳ ಇಷ್ಟ. ಆದರೆ ಕೊಡೆಗಾಡಿಗಳಲ್ಲಿ ಸೀಟು ಅಷ್ಟಾಗಿ ಹಿಂದಕ್ಕೆ ಬಾಗುವುದಿಲ್ಲ. ಕೂರಲು ಕಲಿತ ಮಗುವಿಗೆ ಅವು ಸರಿ. ಈಗ ನಿಮಗೆ ಬೇಕಾದದ್ದು ಸೂಟ್‌ಕೇಸಿನಂತೆ ಚಿಕ್ಕದಾಗಿ ಮಡಚಿಕೊಳ್ಳುವ, ಸೀಟು ಮಲಗುವ ಗಾಡಿ. ಕೊಡೆಗಾಡಿಗಿಂತ ಬೆಲೆ ಜಾಸ್ತಿಯಾಗಬಹುದು, ಆದರೆ ಆ ದುಡ್ಡು ದಂಡವಲ್ಲ. ಅಂಗಡಿಗೆ ಕಾರು ತೆಗೆದುಕೊಂಡೇ ಹೋಗಿ, ಸಿಲಿಂಡರ್ ಬಿಟ್ಟು ಉಳಿದ ಜಾಗದಲ್ಲಿ ಗಾಡಿ ಕೂರುತ್ತದೆಯೇ ಅಂತ ಇಟ್ಟು ನೋಡಿ. ಅಳತೆ ಬರೆದುಕೊಂಡು ಹೋದರೆ ಸಾಲದು.

ಚಿಕ್ಕ ಗಾಡಿಗೆ ಚಿಕ್ಕ ಚಕ್ರ. ಇದು ಅದರ ಕೊರತೆ. ನಮ್ಮ ಫುಟ್‌ಪಾತ್ ಹೇಗಿದೆ ಅಂತ ನಾನು ಹೇಳಬೇಕಾಗಿಲ್ಲ. ಎದ್ದ ಚಪ್ಪಡಿ, ಮಧ್ಯೆ ಟ್ರಾನ್ಸ್‌ಫಾರ್ಮರ್, ಇಳಿಯಲು ಮೊಣಕಾಲೆತ್ತರದ ಅಂಚು. ಒಂದು ಸಂಜೆ ನಿಮ್ಮ ಚಕ್ರದ ಸೂಟ್‌ಕೇಸಿಗೆ ಒಂದಿಷ್ಟು ಪುಸ್ತಕ ತುಂಬಿ, ಮನೆಯಿಂದ ಹತ್ತಿರದ ಪಾರ್ಕಿನವರೆಗೆ ತಳ್ಳಿಕೊಂಡು ಹೋಗಿ. ಅದು ಸಿಕ್ಕಿಹಾಕಿಕೊಂಡ ಕಡೆಯೆಲ್ಲ ಚಿಕ್ಕ ಚಕ್ರದ ಸ್ಟ್ರಾಲರೂ ಸಿಕ್ಕಿಹಾಕಿಕೊಳ್ಳುತ್ತದೆ. ಹತ್ತು ಕಡೆ ಎತ್ತಿ ದಾಟಿಸಬೇಕಾಗಿ ಬಂದರೆ ಬೀದಿಗೆ ಸ್ಟ್ರಾಲರ್ ಬೇಡ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಸಾಕು. ಸ್ಟ್ರಾಲರನ್ನು ಕಾರಿನಲ್ಲಿ ಹಾಕಿಕೊಂಡು ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹೋಗಿ, ಅಲ್ಲಿನ ಟಾರು ದಾರಿಯಲ್ಲಿ ತಳ್ಳಿ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಅಲ್ಲೂ ಗಾಡಿ ಉಪಯೋಗಕ್ಕೆ ಬರುತ್ತದೆ. ವಾಹನ ಸಾಲುಗಟ್ಟಿ ನಿಲ್ಲುವ ರಸ್ತೆಯ ಅಂಚಿನಲ್ಲಿ ಮಾತ್ರ ಬೇಡ. ಗಾಡಿಯಲ್ಲಿ ಮಲಗಿದ ಮಗುವಿನ ಮುಖ ಹೊಗೆ ಕೊಳವೆಗೆ ನಮ್ಮ ಮುಖಕ್ಕಿಂತ ಬಹಳ ಹತ್ತಿರ.

ಬೆಲ್ಟ್ ಐದು ಕಡೆ ಹಿಡಿಯುವಂತಿರಲಿ. ಎರಡು ಭುಜ, ಸೊಂಟದ ಎರಡು ಬದಿ, ಕಾಲುಗಳ ನಡುವೆ ಒಂದು. ಸೊಂಟಕ್ಕಷ್ಟೇ ಇರುವ ಬೆಲ್ಟ್ ಆದರೆ ಮಗು ಜಾರುತ್ತದೆ. ಒಂದೇ ಪೆಡಲ್ ಒತ್ತಿದರೆ ಹಿಂದಿನ ಎರಡೂ ಚಕ್ರ ಹಿಡಿದುಕೊಳ್ಳುವ ಬ್ರೇಕ್ ಒಳ್ಳೆಯದು. ಗಾಡಿ ಮಡಚುವಾಗ, ಬಿಚ್ಚುವಾಗ ಮಗು ದೂರ ಇರಲಿ. ಕೀಲಿನ ಸಂದಿಗೆ ಪುಟ್ಟ ಬೆರಳು ಸಿಕ್ಕಿದರೆ ತುಂಡಾಗುವಷ್ಟು ಅಪಾಯ. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಅಂತ ಪೆಟ್ಟಿಗೆಯ ಮೇಲಿದ್ದರೆ ಅದು ಸ್ಟ್ರಾಲರಿನ ಸುರಕ್ಷತಾ ಮಾನದಂಡದ ಹೆಸರು.

ನನ್ನ ಮನೆಯಲ್ಲಿ ಆದದ್ದೊಂದು ಹೇಳುತ್ತೇನೆ. ತರಕಾರಿ ಚೀಲವನ್ನು ಹಿಡಿಕೆಗೆ ತೂಗುಹಾಕಿಕೊಂಡು ಬಂದಿದ್ದೆ. ಗೇಟಿನ ಹತ್ತಿರ ಮಗನನ್ನು ಎತ್ತಿಕೊಂಡೆ. ಮುಂದಿನ ಭಾರ ಹೋದ ತಕ್ಷಣ ಗಾಡಿ ಹಿಂದಕ್ಕೆ ದಬ್ಬನೆ ಬಿತ್ತು. ಮಗು ನನ್ನ ತೋಳಲ್ಲಿತ್ತು. ಇಲ್ಲದಿದ್ದರೆ ಅಂತ ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಚೀಲ ಏನಿದ್ದರೂ ಕೆಳಗಿನ ಬುಟ್ಟಿಗೆ ಹಾಕಿ.

ಬಿಸಿಲು ಅಂತ ಗಾಡಿಯ ಮೇಲೆ ಬಟ್ಟೆ ಹೊದಿಸುವ ಅಭ್ಯಾಸ ಎಲ್ಲೆಡೆ ಇದೆ. ದಯವಿಟ್ಟು ಬೇಡ. ತೆಳು ಬಟ್ಟೆಯಾದರೂ ಗಾಳಿ ನಿಂತು ಒಳಗೆ ಕಾವು ಏರುತ್ತದೆ. ಗಾಡಿಯದೇ ನೆರಳು ಸಾಕಷ್ಟು ಮುಂದಕ್ಕೆ ಬರುವಂತಿರಲಿ. ಮಗು ಅದರಲ್ಲೇ ನಿದ್ದೆ ಹೋದರೆ, ಮನೆಗೆ ಬಂದ ಮೇಲೆ ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಮಲಗಿಸಿ. ಸ್ಟ್ರಾಲರ್ ತೊಟ್ಟಿಲಲ್ಲ. ಅದು ಕಾರಿನಲ್ಲಿ ಮಗುವನ್ನು ಭದ್ರವಾಗಿ ಕೂರಿಸುವ ಸೀಟೂ ಅಲ್ಲ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, 14 ವರ್ಷದೊಳಗಿನ ಮಕ್ಕಳನ್ನು ಕಾರಿನಲ್ಲಿ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡವಿದೆ. ನಿಮ್ಮ ಬಜೆಟ್ ಒಂದಕ್ಕೇ ಆಗುವಷ್ಟಿದ್ದರೆ, ಮೊದಲು ಕಾರಿನ ಸೀಟು ತೆಗೆದುಕೊಳ್ಳಿ. ಸ್ಟ್ರಾಲರ್ ಕಾಯಬಹುದು.

ಮಗುವಿನ ಮುಖ ನಮ್ಮ ಕಡೆ ಬರುವಂತೆ ಹಿಡಿಕೆ ತಿರುಗಿಸುವ ಗಾಡಿಗಳಿವೆ. ಮಗುವಿಗೆ ಅಮ್ಮನ ಮುಖ ಕಾಣುವುದು ಒಳ್ಳೆಯದೇ. ಆದರೆ ಹಿಡಿಕೆ ತಿರುಗಿಸಿದಾಗ ತಿರುಗುವ ಚಕ್ರಗಳು ನಿಮ್ಮ ಕಡೆಗೆ ಬರುತ್ತವೆ, ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಎರಡೂ ಕಡೆಯಿಂದ ತಳ್ಳಿ ನೋಡಿ.

ಕೊಳ್ಳುವ ದಿನ ನಿಮ್ಮ ಅತ್ತೆಯನ್ನೂ ಕರೆದುಕೊಂಡು ಹೋಗಿ. ನೀವು ಆಫೀಸಿಗೆ ಹೋದ ಮೇಲೆ ಗಾಡಿ ತಳ್ಳುವವರು ಅವರೇ ತಾನೆ? ಹಿಡಿಕೆ ಅವರ ಎತ್ತರಕ್ಕೆ ಸರಿಯಾಗಬೇಕು. ಕೆಲವು ಬ್ರೇಕ್ ಬಿಡಿಸಲು ಪೆಡಲನ್ನು ಕಾಲ್ಬೆರಳಿನಿಂದ ಮೇಲಕ್ಕೆತ್ತಬೇಕು. ಶೂ ಹಾಕಿದವರಿಗೆ ಅದು ಗೊತ್ತಾಗುವುದಿಲ್ಲ, ಚಪ್ಪಲಿ ಹಾಕಿದವರ ಬೆರಳು ನೋಯುತ್ತದೆ. ಅವರು ದಿನಾ ಉಡುವ ಸೀರೆಯಲ್ಲೇ, ದಿನಾ ಹಾಕುವ ಚಪ್ಪಲಿಯಲ್ಲೇ ಬ್ರೇಕ್ ಒತ್ತಿ, ಬಿಡಿಸಿ, ಸೆರಗೋ ನೆರಿಗೆಯೋ ಚಕ್ರಕ್ಕೆ ಸಿಗುತ್ತದೆಯೇ ಅಂತ ನೋಡಲಿ. ಅವರು ಸಲೀಸಾಗಿ ತಳ್ಳಿದ ಗಾಡಿಗೆ ಬಿಲ್ ಮಾಡಿಸಿ.